ಕಣ್ಣಿಲ್ಲದ ಅಕ್ಕವ್ವ

ಧಾರವಾಡದ ಕಾಮನಕಟ್ಟಿಯ ಮೋನಪ್ಪ ನಲವತ್ತು ವರ್ಷ ಕರಿಕಲ್ಲಿನಲ್ಲಿ ದೇವರನ್ನು ಕೆತ್ತಿದವನು. 1936ರ ಸುಮಾರಿಗೆ ಕೈ ನಡುಗಿ ಉಳಿ ಜಾರತೊಡಗಿತು. ಸುಮ್ಮನೆ ಕೂಡುವ ಜಾಯಮಾನ ಅವನದಲ್ಲ. ರೈಲು ಹತ್ತಿ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ಸೀಸದ ಕಡ್ಡಿ, ನೀರಿನಲ್ಲಿ ಕಲೆಸುವ ಬಣ್ಣ, ಒಂದು ಕಟ್ಟು ಕಾಗದ ತಂದ. ಬರೆಯಲು ಎದುರಿಗೆ ಸಿಕ್ಕವಳು ಹೆಂಡತಿ ಅಕ್ಕವ್ವ. ಅವಳು ರೊಟ್ಟಿ ಬಡಿಯುವುದು, ಜೋಳ ಹಸನು ಮಾಡುವುದು, ತಲೆ ಬಾಚುವುದು, ಒಂದನ್ನೂ ಬಿಡಲಿಲ್ಲ ಪುಣ್ಯಾತ್ಮ. ಮೂಗಿನ ನತ್ತಿಗೂ ಬಣ್ಣ ಬಂತು. ಕಣ್ಣು ಮಾತ್ರ ಒಂದು ಚಿತ್ರದಲ್ಲೂ ಇಲ್ಲ.

ಪಕ್ಕದ ಮನೆಯ ಗೋದಾಬಾಯಿ ಸಕ್ಕರೆ ಕೇಳಲು ಬಂದವಳು, "ಏನ್ರಿ ಅಕ್ಕವ್ವ, ನಿಮ್ಮನ್ನ ಕುರುಡಿ ಮಾಡಿ ಕುಂಡ್ರಿಸ್ಯಾರಲ್ರಿ," ಎಂದು ನಕ್ಕು ಹೋದಳು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅಕ್ಕವ್ವನಿಗೆ ಆಗಲೇ ಕಣ್ಣಿಗೆ ಪೊರೆ ಬರುತ್ತಿತ್ತು. ಪೂರ್ತಿ ಮಬ್ಬಾಗುವುದರೊಳಗೆ ಕಣ್ಣಿರುವ ತನ್ನ ಮುಖವನ್ನು ಕಾಗದದ ಮೇಲೆ ಒಮ್ಮೆ ನೋಡಬೇಕೆಂಬ ಆಸೆ. ಕೇಳಿದಾಗಲೆಲ್ಲ ಮೋನಪ್ಪ, "ನಾಳಿ ಬರೀತೇನಿ," ಎನ್ನುತ್ತಿದ್ದ. ಎರಡು ದೀಪಾವಳಿ ಕಳೆದರೂ ಆ ನಾಳೆ ಬರಲಿಲ್ಲ.

ಕಡೆಗೊಂದು ಮಧ್ಯಾಹ್ನ, ಗಂಡನ ಗೊರಕೆ ಹದಕ್ಕೆ ಬಂದದ್ದು ಖಾತ್ರಿಯಾದ ಮೇಲೆ, ಅಕ್ಕವ್ವ ಸೀಸದ ಕಡ್ಡಿ ಎತ್ತಿಕೊಂಡಳು. ರೊಟ್ಟಿ ಬಡಿಯುವ ಅಕ್ಕವ್ವನಿಗೆ ಎರಡು ಕಣ್ಣು ಬರೆದೇಬಿಟ್ಟಳು. ಮಂಜುಗಣ್ಣಿನ ಕೆಲಸವಲ್ಲವೇ, ಒಂದು ಕಣ್ಣು ಹಂಚನ್ನು ನೋಡುತ್ತಿತ್ತು, ಇನ್ನೊಂದು ಗೋದಾಬಾಯಿಯ ಮನೆಯನ್ನು.

ಎದ್ದು ನೋಡಿದ ಮೋನಪ್ಪನ ಮುಖ ಸಪ್ಪಗಾಯಿತು. ಬೈಯಲಿಲ್ಲ. ಅದರಿಂದಲೇ ಅಕ್ಕವ್ವನಿಗೆ ಹೆದರಿಕೆಯಾಯಿತು.

"ಮೂರ್ತಿಗೆ ಎಲ್ಲಾ ಮುಗದ ಮ್ಯಾಲ ಕಣ್ಣ ತೆರಸ್ತಿದ್ದೆ. ತೆರಸಿದ ದಿನಾನ ಗುಡಿಯವ್ರು ಬಂದು ಒಯ್ತಿದ್ರು," ಎಂದ. "ಕಣ್ಣ ಬಂದದ್ದು ಒಂದೂ ಈ ಮನ್ಯಾಗ ಉಳದಿಲ್ಲ. ನೀನೊಬ್ಬಾಕಿ ಉಳೀಲಿ ಅಂತ ಬಿಟ್ಟಿದ್ದೆ."

ಅಕ್ಕವ್ವ ಮಾತಿಗೆ ಸೋಲುವ ಹೆಂಗಸಲ್ಲ. ಹಿತ್ತಲಲ್ಲಿ ಕೊಂಬು ಮುರಿದ ಬಸವಣ್ಣನೊಬ್ಬ ಇಪ್ಪತ್ತು ವರ್ಷದಿಂದ ಬಿದ್ದಿದ್ದ. ಐಬಾದ ಮೂರ್ತಿ ಯಾವ ಗುಡಿಗೂ ನಡೆಯುವುದಿಲ್ಲ. ಅಕ್ಕವ್ವ ಅವನತ್ತ ಕೈ ಮಾಡಿದಳು.

"ಆ ಬಸವಣ್ಣನ್ನ ಯಾರರೆ ಒಯ್ದಾರೇನ್ರಿ? ಈ ಮೆಳ್ಳಗಣ್ಣಾಕಿನ್ನೂ ಯಾರೂ ಒಯ್ಯಂಗಿಲ್ಲ, ಸುಮ್ಮನಿರ್ರಿ."

ಮೋನಪ್ಪ ಚಿತ್ರವನ್ನು ಮತ್ತೊಮ್ಮೆ ನೋಡಿದ. ನಗು ತಡೆಯಲಾಗಲಿಲ್ಲ. ಆಮೇಲೆ ಉಳಿದ ಚಿತ್ರಗಳನ್ನೆಲ್ಲ ಅವಳ ಮುಂದೆ ಸರಿಸಿ, "ಇವಕ್ಕೂ ನೀನ ಬರಿ. ಹಿಂಗ, ಮೆಳ್ಳಗ," ಎಂದ.