ಗಾರೆಯೊಳಗಿನ ಗುರುತು

ಆಕೆಯನ್ನು ಊರೆಲ್ಲ ಸುಣ್ಣದಕ್ಕ ಎಂದೇ ಕರೆಯುತ್ತಿತ್ತು. ಸುಟ್ಟ ಸುಣ್ಣದಕಲ್ಲನ್ನು ನೀರಿಗೆ ಹಾಕಿ, ಅದು ಕುದಿದು ತಣ್ಣಗಾದ ಮೇಲೆ ತಿಂಗಳುಗಟ್ಟಲೆ ತೊಟ್ಟಿಯಲ್ಲಿ ನೆನೆಯಬಿಟ್ಟು, ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಕಾಯುವುದನ್ನು ಆಕೆ ಅತ್ತೆಯಿಂದ ಕಲಿತಿದ್ದಳು. ಅದು ಅವಸರದವರ ಕೆಲಸವಲ್ಲ.

ಪೇಟೆಯ ಚೌಕದಲ್ಲಿ ಒಂದು ಯುದ್ಧಸ್ಮಾರಕವಿತ್ತು. ಹೊರದೇಶದ ಆಳರಸರು ಮಹಾಯುದ್ಧ ಮುಗಿದ ಮೇಲೆ ಕಟ್ಟಿಸಿದ್ದು: ಮೆಟ್ಟಿಲುಗಳ ಪೀಠ, ಮೇಲೇರುತ್ತ ಸಣ್ಣಗಾಗುವ ಚೌಕದ ಕಂಬ, ತುದಿಗೆ ಭಾರಿ ತಲೆಗಲ್ಲು. ಮುಂಬದಿಯಲ್ಲಿ ಅವರ ಅಧಿಕಾರಿಗಳ ಹೆಸರುಗಳನ್ನು ಬಿಡಿಬಿಡಿಯಾಗಿ ಕೆತ್ತಿದ್ದರು. ಹಿಂಬದಿಯಲ್ಲಿ ಊರಿನಿಂದ ಹೋಗಿ ಮಡಿದವರಿಗೆಲ್ಲ ಸೇರಿ ಎರಡೇ ಪದ: ‘ಇಲ್ಲಿಯ ಇತರರು’. ಸುಣ್ಣದಕ್ಕನ ಗಂಡನ ಮುತ್ತಜ್ಜ ಆ ಕಂಬ ಕಟ್ಟಿದ ಕಲ್ಲುಕುಟಿಗರಲ್ಲಿ ಒಬ್ಬ, ಮುತ್ತಜ್ಜನ ತಮ್ಮ ಆ ‘ಇತರರಲ್ಲಿ’ ಒಬ್ಬ ಎಂಬುದು ಮನೆಯ ಮಾತು. ಅದಕ್ಕೆ ಸಾಕ್ಷಿಯೇನೂ ಇರಲಿಲ್ಲ.

ಯಾವಾಗಲೋ ದುರಸ್ತಿಗೆ ಬಂದವರು ಸಂದುಗಳಿಗೆ ಸಿಮೆಂಟು ಮೆತ್ತಿದ್ದರು. ಒಳಹೊಕ್ಕ ನೀರು ಹೊರಬರಲಾಗದೆ ಕಲ್ಲುಗಳನ್ನು ಹಿಡಿದಿದ್ದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ, ತಲೆಗಲ್ಲು ವಾಲಿತ್ತು. ಮಳೆಗಾಲದೊಳಗೆ ಸರಿಯಾಗದಿದ್ದರೆ ಕಂಬವನ್ನೇ ಕೆಡವುವುದೆಂದು ಪುರಸಭೆ ತೀರ್ಮಾನಿಸಿತು. ಸುಣ್ಣದ ಗಾರೆಯೇ ಆಗಬೇಕೆಂದು ಹಟ ಹಿಡಿದ ಪುರಸಭೆಯ ಇಂಜಿನಿಯರಮ್ಮ ಸುಣ್ಣದಕ್ಕನ ಮನೆಗೇ ಬಂದಳು. ಆದರೆ ಅಷ್ಟು ತೂಕದ ಕಲ್ಲನ್ನು ಎತ್ತರದಲ್ಲಿ ಕೂರಿಸಬಲ್ಲವನು ಕಲ್ಲುಕುಟಿಗನಾದ ಆಕೆಯ ಗಂಡನೊಬ್ಬನೇ. ಅವನು ಗೋಡೆಗೆ ಒರಗಿದವನು ಮಿಸುಕಲಿಲ್ಲ.

“ನಮ್ಮೋರ ಹೆಸರಿಗೆ ಜಾಗ ಇಲ್ಲ ಅಂದೋರ ಕಂಬ. ಬೀಳ್ಲಿ ಬಿಡು.”

“ಬಿದ್ರೆ ಯಾರ ತಲೆ ಮೇಲ್ರೀ ಬೀಳೋದು? ಅವರು ಹಡಗು ಹತ್ತಿ ಯಾವ ಕಾಲ ಆಯ್ತು!”

“ಸುಣ್ಣ ಕಂಡ್ರೆ ನಿನಗೆ ಗಂಡನೂ ಬೇಡ.”

“ಸುಣ್ಣ ಆದ್ರೆ ಒಂದ್ಸಲ ಕುದ್ದು ಸುಮ್ಮನಾಗುತ್ತೆ. ನೀವು ಹಂಗಾ?”

ಇಂಜಿನಿಯರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ತಲೆಗಲ್ಲನ್ನು ರಾಟೆಯಿಂದ ಇಳಿಸಿದ ದಿನ, “ನೋಡಿ ಬರ್ತೀನಿ, ಅಷ್ಟೇ” ಎನ್ನುತ್ತ ಅವನೂ ಬಂದ. ಕಲ್ಲಿನ ತಳದಲ್ಲಿ, ಹಕ್ಕಿಯ ಹೆಜ್ಜೆಯಂತೆ, ಮೂರು ಗೆರೆಗಳಿದ್ದವು. ಗಾರೆಯಲ್ಲಿ ಮುಚ್ಚಿಹೋಗುವ ಮುಖದ ಮೇಲೆ ತನ್ನ ಗುರುತು ಕೆತ್ತುವುದು ಕಲ್ಲುಕುಟಿಗರ ಪದ್ಧತಿ. ಅವನ ಮನೆತನದ ಗುರುತೂ ಅದೇ. ಇಂಜಿನಿಯರಮ್ಮ ಹಿಗ್ಗಿದಳು, ಅವನೇ ತಡೆದ.

“ತಾಳಿ ಅಮ್ಮಾ. ಮೂರು ಗೆರೆ ಯಾರು ಬೇಕಾದ್ರೂ ಎಳೀತಾರೆ.”

“ಯಾರಾದ್ರೇನು?” ಎಂದಳು ಸುಣ್ಣದಕ್ಕ. “ಹೆಸರು ಬೇಡ ಅಂದೋರ ಕಣ್ತಪ್ಪಿಸಿ ಒಬ್ಬ ಇಲ್ಲಿ ಕೂತಿದಾನೆ. ಅವನನ್ನೂ ಕೆಡವ್ತೀರಾ?”

ಅವನು ಆ ಗೆರೆಗಳ ಮೇಲೆ ಒಮ್ಮೆ ಬೆರಳಾಡಿಸಿ, ಮನೆಗೆ ಹೋಗಿ ತೂಗುಗುಂಡು, ಮಟ್ಟಗೋಲು ತಂದ.

ಹಳೆಯ ಕೊಂಡಿಗಳು ಹೋಗಿ ತುಕ್ಕು ಹಿಡಿಯದವು ಬಂದವು. ಸುಣ್ಣದಕ್ಕ ಕಲಸಿದ ಗಾರೆ, ಕರಣೆಯನ್ನು ತಲೆಕೆಳಗೆ ಹಿಡಿದರೂ ಜಾರಲಿಲ್ಲ. ಕಲ್ಲನ್ನು ಮತ್ತೆ ಕೂರಿಸುವ ಮುನ್ನ ಗಂಡ ತನ್ನ ಗುರುತನ್ನು ಹಳೆಯದರ ಪಕ್ಕದಲ್ಲೇ ಕೆತ್ತಿ, ಅಟ್ಟಣಿಗೆಯ ಮೇಲೆ ಆಕೆಗೆ ಜಾಗ ಬಿಟ್ಟ.

“ನೀನೂ ಹಾಕು.”

“ಅತ್ತೆ ಯಾವತ್ತೂ ಹಾಕ್ಲಿಲ್ಲ.”

“ಅದಕ್ಕೇ ಹಾಕು ಅಂದಿದ್ದು.”

ಕಂಬದ ತುದಿಗೆ ಹರಡಿದ್ದ ಹಸಿ ಗಾರೆಯ ಮೇಲೆ ಆಕೆ ಅಂಗೈ ಒತ್ತಿದಳು. ಇಷ್ಟು ವರ್ಷಗಳ ಸುಣ್ಣ ಬೆರಳ ತುದಿಯ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಅಚ್ಚು ನುಣ್ಣಗೆ ಮೂಡಿತು.

“ಕಲ್ಲು ಕೂತ್ರೆ ಅಳಿಸ್ಹೋಗುತ್ತಲ್ರೀ.”

“ಗಾರೆ ನಿಂದೇ ತಾನೇ? ಎಲ್ಲಿಗ್ಹೋಗುತ್ತೆ?”

ಕಲ್ಲು ಕೂತಿತು. ಸಂದಿನಿಂದ ಎಳೆಯಷ್ಟು ಗಾರೆ ಹೊರಬಂತು. ಅದನ್ನು ಹೆರೆದು ನಯಗೊಳಿಸಿದ ಸುಣ್ಣದಕ್ಕ, ಗಾರೆ ಬೇಗ ಒಣಗದಂತೆ ಹೊದಿಸಲು, ಬಿಸಿಲೇರುವ ಮೊದಲು ಒದ್ದೆ ಗೋಣಿ ತನ್ನಿರೆಂದು ಕೆಳಗಿನವರನ್ನು ಗದರಿದಳು.