ಮುನಿಯಮ್ಮತ್ತೆ ಕಟಕಟೆ ಹತ್ತಿದ್ದು

ಇವತ್ತು ನಾನು ಹೆಂಡತಿ ಮಕ್ಕಳ ಜೊತೆ ಕೂತು ಬಿಸಿ ಮುದ್ದೆ ಉಣ್ಣುತ್ತಿದ್ದೇನೆ ಅಂದರೆ ಅದಕ್ಕೆ ದೊಡ್ಡಮುನಿಯಮ್ಮನೇ ಕಾರಣ. ರಕ್ತಸಂಬಂಧವೇನಿಲ್ಲ, ಊರ ವರಸೆಯಲ್ಲಿ ನನಗೆ ಅತ್ತೆ. ತಮಿಳುನಾಡಿನ ಮಾರಂಡಹಳ್ಳಿ ಪಕ್ಕದ ನಮ್ಮೂರ ಗುಡ್ಡದಲ್ಲಿ ಆಡು ಮೇಯಿಸುತ್ತಾಳೆ. ಬಾಯಿ ಜೋರು. ಒಮ್ಮೆ ಚಿರತೆ ಹಿಡಿದ ಮರಿಯನ್ನು ಬರೀ ಕೋಲು ಬೀಸಿ ಬಿಡಿಸಿಕೊಂಡು ಬಂದವಳು. ಅಂಥವಳಿಗೆ ಪೊಲೀಸು, ಕೋರ್ಟು ಅಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು.

ನಾನು ಹಾಲಿನ ವ್ಯಾನ್ ಓಡಿಸುವವನು. ಗುಡ್ಡದ ತಿರುವಿನಲ್ಲಿ ಒಬ್ಬ ಸಾಹುಕಾರನ ಕಾರು ಬೈಕಿಗೆ ಗುದ್ದಿ, ನಿಲ್ಲದೆ ಹೋಯಿತು. ಆಮೇಲೆ ಬಂದ ನಾನು ಬೈಕಿನವನನ್ನು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದೆ. ಪಾಪ, ಅವನು ಉಳಿಯಲಿಲ್ಲ. ಗುದ್ದಿದ್ದು ನನ್ನ ವ್ಯಾನೇ ಎಂದು ಕೇಸಾಯಿತು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು ನನ್ನ ಕಥೆ. ನಡೆದದ್ದನ್ನು ಗುಡ್ಡದ ಮೇಲಿಂದ ಕಂಡವಳು ಮುನಿಯಮ್ಮತ್ತೆ ಒಬ್ಬಳೇ.

"ನಾನು ಬರಾಕಿಲ್ಲ ಕಣಪ್ಪಾ," ಅಂದುಬಿಟ್ಟಳು. "ಆ ವಕೀಲ್ರು ಗದರುದ್ರೆ ನಾಲ್ಗೆನೇ ಬಿದ್ದೋಯ್ತದೆ. ಆಡು ಬೇರೆ ಯಾರು ನೋಡ್ಕತಾರೆ?"

ಚಿರತೆಗೆ ಹೆದರದವಳು ಕರಿ ಕೋಟಿಗೆ ಹೆದರುತ್ತಾಳಲ್ಲ ಎಂದು ನನ್ನ ಹೆಂಡತಿ ಸಂಧ್ಯಾಳ ಮುಂದೆ ಕೂಗಾಡಿದೆ. ಜೈಲು ಕಾಣುತ್ತಿದ್ದವನು ನಾನು, ಸಿಟ್ಟು ಬಾರದೇ ಇರುತ್ತದೆಯೇ.

ಅತ್ತೆಯ ಪಕ್ಕದ ಮನೆಯಲ್ಲಿದ್ದ ಅಂಗನವಾಡಿಯ ಸ್ಟೆಲ್ಲಾ ಟೀಚರ್ ಕೂಗಾಡಲಿಲ್ಲ. ಒಂದು ಸಂಜೆ ಅತ್ತೆಯ ಜಗಲಿಯಲ್ಲಿ ಕೂತು ಬೈಬಲ್ಲಿನ ದಾವೀದನ ಕಥೆ ತೆಗೆದರು. ಅವನು ಕುರಿ ಕಾಯುವ ಹುಡುಗ, ಎದುರಿಗೆ ನಿಂತವನು ದೈತ್ಯ ಗೊಲ್ಯಾತ. ನಾನೂ ಅಲ್ಲೇ ಇದ್ದೆ. ಅತ್ತೆಗೆ ಯುದ್ಧಕ್ಕಿಂತ ಕುರಿಗಳದ್ದೇ ಚಿಂತೆ.

"ಅವ್ನು ಅತ್ಲಾಗೆ ಓದಾಗ ಕುರಿ ಯಾರು ನೋಡ್ಕಂಡ್ರು ಟೀಚರ್?"

"ಬೇರೆಯವ್ರಿಗೆ ಒಪ್ಪಿಸಿ ಹೋದ ಅಂತ ಬರ್ದೈತೆ ಅಮ್ಮಾ."

"ಭಯ ಆಗ್ಲಿಲ್ವಾ ಅವ್ನಿಗೆ?"

"ಸಿಂಹದ ಕೈಯಿಂದ, ಕರಡಿ ಕೈಯಿಂದ ನನ್ನ ಬಿಡಿಸಿದ ದೇವರು ಇವನ ಕೈಯಿಂದಾನೂ ಬಿಡಿಸ್ತಾನೆ ಅಂದ."

ಅತ್ತೆ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ಗುಡ್ಡದ ಕಡೆ ನೋಡುತ್ತಾ ಕೂತಳು. "ಚಿರತೆ ಬಾಯಿಂದ ಮರಿ ಕಿತ್ಕಂಡ ದಿನ ನಮ್ಮೂರ ದೇವ್ರು ಮುನಿಯಪ್ಪಸಾಮೀನೂ ಕೈ ಬಿಡ್ಲಿಲ್ಲ. ಕೋರ್ಟಲ್ಲಿ ಬಿಟ್ಟಾನಾ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನೆಂಡ್ರು ಆಡು ಕಾಯ್ಲಿ. ಬತ್ತೀನಿ."

ಪಾಲಕೋಡಿನ ಕೋರ್ಟಿನಲ್ಲಿ ಕಟಕಟೆ ಹತ್ತಿದಾಗ ಅವಳ ಸೆರಗಿನ ತುದಿ ಕೂಡ ನಡುಗುತ್ತಿತ್ತು. ಎದುರು ವಕೀಲರಿಗೆ ಅದೇ ಸಾಕಾಯಿತು. "ಯಾಕಮ್ಮಾ ಹಿಂಗೆ ನಡುಗ್ತೀಯ? ಸುಳ್ಳು ಹೇಳೋಕೆ ಭಯಾನಾ?" ಎಂದು ಗದರಿದರು.

ಅವಳು ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಜಡ್ಜನ್ನೇ ನೋಡುತ್ತಾ ತನ್ನ ಕನ್ನಡ ಬೆರೆತ ತಮಿಳಲ್ಲಿ ಹೇಳಿದಳು: "ಭಯ ಐತೆ ಸಾಮೀ. ಭಯ ಐತೆ ಅಂತ ಕಂಡಿದ್ದು ಕಾಣ್ದಂಗಾಯ್ತದಾ? ಗುದ್ದಿದ್ದು ಬಿಳಿ ಕಾರು. ಈ ಸುಬ್ರಮಣಿ ಆಮೇಲೆ ಬಂದು ಎತ್ಕಂಡೋದ."

ಹೇಗೆ ತಿರುಗಿಸಿ ಕೇಳಿದರೂ ಅದೇ ಮಾತು. ನನಗೆ ಕಣ್ಣು ತುಂಬಿ ಬಂತು.

ನಿರ್ದೋಷಿ ಎಂದು ತೀರ್ಪಾದ ದಿನ ನೇರ ಗುಡ್ಡಕ್ಕೆ ಹೋಗಿ ಅವಳ ಕಾಲಿಗೆ ಬಿದ್ದೆ.

"ಎದ್ದೇಳ್ಲಾ, ಆಡು ಬೆದರ್ತವೆ," ಅಂದಳು.

"ಭಯ ಓಯ್ತಾ ಅತ್ತೆ?" ಎಂದು ಕೇಳಿದೆ.

"ಅದೆಲ್ಲಿ ಓಯ್ತದೆ? ಕೋರ್ಟು ಅಂದ್ರೆ ಈಗ್ಲೂ ಮೈ ನಡುಗ್ತದೆ. ಇನ್ಯಾರ್ಗಾದ್ರೂ ಬೇಕು ಅಂದ್ರೆ ನಡುಗ್ತಾನೇ ಬತ್ತೀನಿ."