ಎರಡು ಕುರ್ಚಿಯ ಪಾಠ

ಕೆಳಮನೆಯಲ್ಲಿ ಅಕ್ಕನ ಹೊಲಿಗೆ ಯಂತ್ರ ಬೆಳಕು ಹರಿಯುತ್ತಿದ್ದಂತೆ ಗುನುಗತೊಡಗುತ್ತಿತ್ತು. ಮೇಲ್ಮನೆಯಲ್ಲಿದ್ದ ಅವಳ ತಂಗಿ, ಶಾಲೆಯ ಟೀಚರ್, ಅದನ್ನು ಅರೆನಿದ್ದೆಯಲ್ಲಿ ಕೇಳುತ್ತ ಮಲಗಿರುತ್ತಿದ್ದಳು. ತೀರಿಹೋದ ಅಮ್ಮನ ಬೀರುವನ್ನು ಅಕ್ಕ ಹೇಳದೆ ಕೇಳದೆ ಯಾರಿಗೋ ಕೊಟ್ಟುಬಿಟ್ಟಿದ್ದಳು. ಅಂದಿನಿಂದ ಮೂರು ತಿಂಗಳು ಇಬ್ಬರಿಗೂ ಮಾತಿರಲಿಲ್ಲ.

ಒಂದು ದಿನ ಟೀಚರ್ ಎರಡನೆಯ ತರಗತಿಗೆ ‘ದೃಷ್ಟಿಕೋನ’ ಎಂಬ ಪದ ಕಲಿಸಬೇಕಿತ್ತು.

“ಮಿಸ್, ಇದು ನನ್ನ ಬಾಯಿಗಿಂತ ದೊಡ್ಡದಿದೆ,” ಎಂದಳು ಹಲ್ಲುಬಿದ್ದ ಹುಡುಗಿಯೊಬ್ಬಳು.

“ಹಾಗಾದ್ರೆ ಅದನ್ನ ಕುರ್ಚಿ ಮೇಲೆ ಕೂರಿಸೋಣ.”

ಟೀಚರ್ ಎರಡು ಕುರ್ಚಿಗಳನ್ನು ಎದುರುಬದುರು ಹಾಕಿದಳು. ಕತೆ ಒಂದೇ, ಕೂತ ಕುರ್ಚಿ ಯಾರದೋ ಅವರಾಗಿ ಅದನ್ನು ಹೇಳಬೇಕು. ಟೀಚರ್ ಬಾಯಿಗೆ ಬಂದದ್ದು ಬೀರುವಿನ ಕತೆಯೇ. ತಂಗಿಯ ಕುರ್ಚಿಯಲ್ಲಿ ಕೂತು ತನ್ನ ಸಿಟ್ಟನ್ನೆಲ್ಲ ಹೇಳಿ ಮುಗಿಸಿದಳು.

“ಈಗ ಅಕ್ಕ ಯಾರು?”

ಹಲ್ಲುಬಿದ್ದವಳು ಎದುರಿನ ಕುರ್ಚಿ ಹತ್ತಿ ಕುಳಿತಳು. ಕಿಟಕಿಯ ಬಿಸಿಲಿನಲ್ಲಿ ಸೀಮೆಸುಣ್ಣದ ಪುಡಿ ಮೆಲ್ಲಗೆ ತೇಲುತ್ತಿತ್ತು.

“ನಾನು ಅಕ್ಕ. ಬೀರು ತೆಗೆದಾಗೆಲ್ಲ ಅಮ್ಮನ ಸೀರೆ ವಾಸನೆ ಬರ್ತಿತ್ತು. ಅಳು ಬರ್ತಿತ್ತು, ಅದಕ್ಕೇ ಕೊಟ್ಟೆ. ಹೇಳಿದ್ರೆ ತಂಗಿನೂ ಅಳ್ತಾಳೆ ಅಂತ ಸುಮ್ನಿದ್ದೆ.”

ಅದು ನಿಜವೋ ಅಲ್ಲವೋ ಟೀಚರಿಗೆ ತಿಳಿಯದು. ಆದರೆ ಆ ಕುರ್ಚಿಯಲ್ಲಿ ತಾನು ಒಮ್ಮೆಯೂ ಕೂತಿರಲಿಲ್ಲ ಎಂಬುದು ತಿಳಿಯಿತು.

ಸಂಜೆ ಅವಳು ಮೆಟ್ಟಿಲು ಹತ್ತದೆ ಕೆಳಮನೆಯ ಬಾಗಿಲು ತಟ್ಟಿದಳು.

“ಅಕ್ಕಾ, ಬೀರು ಕೊಟ್ಟಾಗ ನಿಂಗೆ ಹೇಗಾಯ್ತು ಅಂತ ನಾನು ಕೇಳ್ಲೇ ಇಲ್ಲ.”

ಅಕ್ಕ ಬಾಗಿಲು ತೆರೆದಳು. “ಬಂದ್ಯಾ ಮಹಾರಾಣಿ? ಸೂಜಿ ಬಿದ್ದಿದೆ, ನೋಡ್ಕೊಂಡು ಕಾಲಿಡು,” ಎಂದು ಒಳಗೆ ತಿರುಗಿದಳು.

“ಹೇಳಕ್ಕಾ, ಬೀರು ಕೊಟ್ಟ ದಿನ ನೀನು...” ಎನ್ನುತ್ತ ಟೀಚರ್ ಅವಳ ಹಿಂದೆಯೇ ನಡೆದಳು.